ಮಿಕಾಡೊ ಅಂದರೆ ನಮ್ಮ ಹೆಬ್ಬಾಗಿಲು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಶಾಲೆಯ ರಸಪ್ರಶ್ನೆಗೆ ಓದಿಕೊಳ್ಳುತ್ತ ಕೂತಿದ್ದಳು. ಪಕ್ಕದಲ್ಲಿ ನಾನು ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದೆ. ಹಲ್ಲುಗಳೆಲ್ಲ ರಾಜೀನಾಮೆ ಕೊಟ್ಟು ಹೋದ ಮೇಲೆ ಕುಟ್ಟಾಣಿಯೇ ನನ್ನ ಬಾಯಿ. ಅವಳು ಪುಸ್ತಕದಿಂದ ತಲೆ ಎತ್ತದೆ, "ಅಜ್ಜ, ಮಿಕಾಡೊ ಅಂದ್ರೆ ಏನು? ಇರ್ಲಿ ಬಿಡು, ನಿಂಗೆಲ್ಲಿ ಗೊತ್ತಿರುತ್ತೆ" ಅಂದಳು.

ನಾನು ಕುಟ್ಟುವುದನ್ನು ನಿಲ್ಲಿಸಲಿಲ್ಲ. ದೊಡ್ಡವರು ದೊಡ್ಡ ವಿಷಯಗಳನ್ನು ಕೆಲಸ ಮಾಡುತ್ತಲೇ ಹೇಳಬೇಕು, ಆಗ ತೂಕ ಬರುತ್ತದೆ. "ಜಪಾನಿನ ದೊರೆಗೆ ಹಿಂದಿನ ಕಾಲದಲ್ಲಿ ಇದ್ದ ಹೆಸರು. ಮಿ ಅಂದ್ರೆ ಶ್ರೀ ಇದ್ದಂಗೆ, ಮರ್ಯಾದೆಗೆ ಹಚ್ಚೋದು. ಕಾಡೊ ಅಂದ್ರೆ ಬಾಗ್ಲು. ಮಿಕಾಡೊ ಅಂದ್ರೆ ಶ್ರೀಬಾಗ್ಲು, ಮಹಾದ್ವಾರ, ಹೆಬ್ಬಾಗ್ಲು. ಬರ್ಕೋ" ಅಂದೆ.

ಅವಳು ಪುಸ್ತಕದ ಹಿಂದಿನ ಪುಟದ ಉತ್ತರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕುಟ್ಟಾಣಿಯೇ ಬಾಯಿಬಿಟ್ಟು ಮಾತಾಡಿದ ಹಾಗೆ ಇತ್ತು ಆ ನೋಟ.

ನಿಮಗೂ ಹಾಗೇ ಅನ್ನಿಸಿದ್ದರೆ ತಪ್ಪಿಲ್ಲ. ನನ್ನ ಮುಖ ನೋಡಿದರೆ ಜಪಾನು ನೆನಪಾಗುವುದಿಲ್ಲ. ಆದರೆ ಒಂದು ಮಾತು ಹೇಳುತ್ತೇನೆ. ಮಿಕಾಡೊ ಅನ್ನುವುದರ ಅರ್ಥ ಓದಿ ತಿಳಿದವರು ಬೇಕಾದಷ್ಟು ಜನ ಇರಬಹುದು. ಅದನ್ನು ಕಣ್ಣಾರೆ ಕಂಡು, ಅದರ ಮನೆಯಲ್ಲಿ ಮಜ್ಜಿಗೆ ಕುಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ.

ಎಪ್ಪತ್ತರ ದಶಕದಲ್ಲಿ ನನಗೆ ಹೊನ್ನಾಳಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ನನ್ನಷ್ಟು ಚೆನ್ನಾಗಿ ರೇಡಿಯೋ ಬಿಚ್ಚುವವನು ಹೊನ್ನಾಳಿ, ಚನ್ನಗಿರಿ ಎರಡೂ ತಾಲ್ಲೂಕಿನಲ್ಲಿ ಇರಲಿಲ್ಲ. ಮತ್ತೆ ಜೋಡಿಸುವ ವಿಚಾರ ಬೇರೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ರಿಪೇರಿಗೆ ಬರುತ್ತಿದ್ದರು, ಇನ್ನರ್ಧ ಜನ ಇವತ್ತು ಇವನು ಯಾರ ಕಾಲೆಳೆದ ಅಂತ ಕೇಳಲಿಕ್ಕೆ ಬರುತ್ತಿದ್ದರು. ಒಂದು ಸಲ ಎದುರಿನ ಹೋಟೆಲಿನ ಸೀನಪ್ಪನ ಇಡ್ಲಿ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಬಂತು. ನಾನು ಮೂಗು ಹಿಡಿದುಕೊಂಡು ವಾರ್ತೆ ಓದುವವರ ದನಿಯಲ್ಲಿ ಟೇಪ್ ರೆಕಾರ್ಡರಿಗೆ ಮಾತು ತುಂಬಿದೆ. ಅದನ್ನು ಹೋಟೆಲಿನ ರೇಡಿಯೋ ಹಿಂದೆ ಇಟ್ಟು, ಬೆಳಗಿನ ವಾರ್ತೆಯ ಹೊತ್ತಿಗೆ ಸರಿಯಾಗಿ ಒತ್ತಿದೆ. "ಹೊನ್ನಾಳಿಯಲ್ಲಿ ಇಡ್ಲಿಯ ಗಾತ್ರ ಕುಗ್ಗುತ್ತಿರುವ ಬಗ್ಗೆ ಕೇಂದ್ರ ಸರ್ಕಾರ ತೀವ್ರ ಕಳವಳ ವ್ಯಕ್ತಪಡಿಸಿದೆ." ಸೀನಪ್ಪ ಕೈಯಲ್ಲಿದ್ದ ಚಟ್ನಿ ಸೌಟು ಕೆಳಗಿಟ್ಟು ಅಂಗಿಯ ಗುಂಡಿ ಹಾಕಿಕೊಂಡ. ಮಾರನೇ ದಿನದ ಇಡ್ಲಿಯನ್ನು ಎರಡು ಕೈಯಲ್ಲಿ ಎತ್ತಬೇಕಾಯಿತು.

ಊರಿನವರಿಗೆಲ್ಲ ಅಡ್ಡಹೆಸರು ಇಡುವ ಗುತ್ತಿಗೆಯೂ ನನ್ನದೇ. ಉದ್ದಕ್ಕೆ ಸಣ್ಣಗಿದ್ದ ಬಸ್ ಕಂಡಕ್ಟರು ಏರಿಯಲ್. ಮಾತಿನ ಮಧ್ಯೆ ತೂಕಡಿಸುವ ಬಸಣ್ಣ ಬ್ಯಾಟರಿ ಬಸಣ್ಣ. ಇವೆಲ್ಲ ಎಷ್ಟು ಗಟ್ಟಿಯಾಗಿ ಕೂತವು ಅಂದರೆ, ಬಸಣ್ಣನ ಮಗಳ ಮದುವೆಯ ದಿನ ಬೀಗರು ಬಂದು, "ಬ್ಯಾಟ್ರಿಯೋರ ಮನಿ ಯಾವ್ದ್ರಿ?" ಅಂತ ಕೇಳಿದರು.

ನನ್ನ ಅಂಗಡಿಗೆ ತಿಪ್ಪೇಸ್ವಾಮಿ ಅಂತ ಒಬ್ಬರು ಮೇಷ್ಟ್ರು ಬರುತ್ತಿದ್ದರು. ಜಗಳೂರು ಕಡೆಯ ಬಿಳಿಚೋಡಿನವರು, ಚರಿತ್ರೆ ಪಾಠ ಮಾಡುವವರು. ಅವರಿಗೆ ಶಾರ್ಟ್‌ವೇವಿನಲ್ಲಿ ದೂರ ದೂರದ ದೇಶಗಳನ್ನು ಹಿಡಿಯುವ ಹುಚ್ಚು. ಅವರ ರೇಡಿಯೋಗೆ ಜಪಾನು ಸಿಗುತ್ತಿದ್ದದ್ದು ಜಗಳೂರಿಗೆ ಮಳೆ ಸಿಕ್ಕಷ್ಟೇ ಅಪರೂಪ. ಆದರೂ ಕಾಯುತ್ತಿದ್ದರು. ಕಾಯುವ ಹೊತ್ತಿನಲ್ಲಿ ನನಗೆ ಜಪಾನಿನ ಕಥೆ ಹೇಳುತ್ತಿದ್ದರು.

ಮಿಕಾಡೊ ನನಗೆ ಸಿಕ್ಕಿದ್ದು ಹೀಗೆ.

"ನೋಡಪ್ಪ," ಅಂದರು ಮೇಷ್ಟ್ರು ಒಂದು ಸಂಜೆ, "ನಾವು ದೊರೆಗೆ ಏನೇನು ಹೆಸರು ಇಡ್ತೀವಿ. ಭೂಪತಿ, ಸಿಂಹ, ಸೂರ್ಯ, ಚಂದ್ರ. ಆ ಜನ ಏನೂ ಇಡ್ಲಿಲ್ಲ. ದೊರೆ ಹೆಸರು ಬಾಯಾಗೆ ತರೋದೇ ಮರ್ಯಾದೆ ಅಲ್ಲ ಅಂದ್ಕೊಂಡ್ರು. ಅವನನ್ನ ಹೆಂಗೂ ಯಾರೂ ನೋಡಿಲ್ಲ. ನೋಡಿರೋದು ಅರಮನೆ ಬಾಗ್ಲು ಒಂದೇ. ಅದಕ್ಕೆ ಬಾಗ್ಲಿಗೇ ಕೈ ಮುಗಿದ್ರು. ಬಾಗ್ಲು ಹೇಳ್ತು, ಬಾಗ್ಲು ಅಪ್ಪಣೆ ಕೊಡ್ತು, ಬಾಗ್ಲಿಗೆ ಮೈ ಹುಷಾರಿಲ್ಲ ಅಂತ ಮಾತಾಡ್ಕೊಂಡ್ರು. ಕಡೀಗೆ ದೊರೇನೇ ಬಾಗ್ಲಾದ."

"ನಿಜವಾಗ್ಲೂ ಅದೇ ಅರ್ಥನೇನ್ರಿ?"

"ಬ್ಯಾರೆ ಅರ್ಥ ಹೇಳೋ ಪಂಡಿತರೂ ಅದಾರೆ. ಅದು ದೊಡ್ಡ ಜಾಗ ಅನ್ನೋ ಮಾತಿಂದ ಬಂತು ಅಂತಾರೆ. ಅವರೂ ಬದುಕ್ಬೇಕಲ್ಲ. ಆದ್ರೆ ಬಾಗ್ಲು ಅನ್ನೋರೇ ಜಾಸ್ತಿ. ಇದೊಂದೇ ಅಲ್ಲ ಕಣಪ್ಪ, ಈಜಿಪ್ಟಿನ ದೊರೆಗೆ ಫೇರೋ ಅಂತಾರಲ್ಲ, ಹಂಗಂದ್ರೆ ದೊಡ್ಮನೆ ಅಂತ ಅರ್ಥ."

ಈಗ ಜಪಾನಿನವರು ತಮ್ಮ ದೊರೆಯನ್ನು ಮಿಕಾಡೊ ಅನ್ನುವುದಿಲ್ಲವಂತೆ, ತೆನ್ನೋ ಅನ್ನುತ್ತಾರಂತೆ, ಅಂದರೆ ಆಕಾಶದ ಒಡೆಯ. ಅದನ್ನೂ ಮೇಷ್ಟ್ರೇ ಹೇಳಿದರು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಆಕಾಶ ನನ್ನದು ಅಂತ ಯಾರು ಬೇಕಾದರೂ ಹೇಳಬಹುದು, ಅಳೆದು ನೋಡುವವರು ಯಾರು? ಬಾಗಿಲು ಹಾಗಲ್ಲ. ಕಣ್ಣ ಮುಂದೆ ನಿಂತಿರುತ್ತದೆ. ಅದರ ಮುಂದೆ ಜನ ತಾವಾಗಿ ತಲೆ ಬಾಗಿಸಬೇಕು, ಇಲ್ಲದಿದ್ದರೆ ಅದು ಬರೀ ಮರ.

ಮೇಷ್ಟ್ರು ಇದನ್ನು ಹೇಳುತ್ತಿರುವಾಗ ನನ್ನ ತಲೆಯಲ್ಲಿ ಜಪಾನು ಇರಲಿಲ್ಲ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ ಒಳಕ್ಕಿದ್ದ ಒಂದು ಊರು ಇತ್ತು. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೆಸರು ಹೇಳದೆ ಇರುವುದು ಆ ಊರಿನವರ ಪದ್ಧತಿ, ಅವರಿಂದ ನಾನೂ ಸ್ವಲ್ಪ ಕಲಿತಿದ್ದೇನೆ.

ಆ ಊರಿನಲ್ಲಿ ಹೆಬ್ಬಾಗಿಲವರು ಅಂತ ಒಬ್ಬ ಹಿರಿಯರು ಇದ್ದರು.

ಅವರ ಅಜ್ಜನ ಕಾಲಕ್ಕೆ ದೊಡ್ಡ ವಾಡೆ ಇತ್ತಂತೆ. ನಾನು ನೋಡುವ ಹೊತ್ತಿಗೆ ವಾಡೆ ಬಿದ್ದು, ಅದರ ಮಣ್ಣೆಲ್ಲ ಊರಿನವರ ಗೋಡೆಗಳಾಗಿ, ಅವರ ಪಾಲಿಗೆ ಉಳಿದಿದ್ದು ಒಂದು ಪುಟ್ಟ ಹೆಂಚಿನ ಮನೆ ಮತ್ತು ಅದರ ಎದುರಿಗೆ ವಾಡೆಯ ಆ ಹೆಬ್ಬಾಗಿಲು. ಎರಡು ಕಲ್ಲಿನ ಕಂಬ, ಮೇಲೆ ಕೆತ್ತನೆಯ ತೊಲೆ, ಹಿತ್ತಾಳೆ ಗುಬ್ಬಿ ಹೊಡೆದ ಸಾಗುವಾನಿ ಕದ. ಕದಗಳು ನೆಲದಲ್ಲಿ ಹೂತು ಎಷ್ಟೋ ಕಾಲವಾಗಿ, ಅಲುಗಾಡುತ್ತಿರಲಿಲ್ಲ. ಒಂದು ಕದದೊಳಗೆ ಆಳು ಹೋಗುವಷ್ಟು ಸಣ್ಣ ಬಾಗಿಲು ಇತ್ತು, ದಿಡ್ಡಿ ಅಂತೇವೆ, ಅದರಲ್ಲಿ ಬಗ್ಗಿ ಒಳಗೆ ಹೋಗಬೇಕು. ಇದರಲ್ಲಿ ವಿಶೇಷವೇನು ಅಂತೀರೇನೋ. ವಿಶೇಷ ಏನೆಂದರೆ ಬಾಗಿಲಿನ ಎರಡೂ ಪಕ್ಕ ಗೋಡೆ ಇರಲಿಲ್ಲ. ಆ ಕಡೆಯೂ ಬಯಲು, ಈ ಕಡೆಯೂ ಬಯಲು, ನಡುವೆ ಬಾಗಿಲು. ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಬೀಸುಗಾಲಲ್ಲಿ ಒಳಗೆ ಹೋಗಬಹುದು. ಆದರೆ ಆ ಊರಿನವರು ಒಬ್ಬರೂ ಪಕ್ಕದಿಂದ ಹೋಗುತ್ತಿರಲಿಲ್ಲ. ತಲೆ ಮೇಲೆ ಸೊಪ್ಪಿನ ಹೊರೆ ಇದ್ದರೆ ಹೊರೆ ಇಳಿಸಿ, ಬಗ್ಗಿ ದಾಟಿ, ಕೈ ಹೊರಗೆ ಚಾಚಿ ಹೊರೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಪಕ್ಕದಿಂದ ಹೋಗುತ್ತಿದ್ದವು ಎಮ್ಮೆಗಳು.

ಮೊದಲ ಸಲ ನಾನು ಅವರ ರೇಡಿಯೋ ನೋಡಲಿಕ್ಕೆ ಹೋದಾಗ ಸೈಕಲ್ ಸಮೇತ ಪಕ್ಕದಿಂದಲೇ ನುಗ್ಗಿದೆ. ಅಂಗಳದಲ್ಲಿ ಹೆಬ್ಬಾಗಿಲವರ ಹೆಂಡತಿ ಗೌರಮ್ಮ ಕೈಯಲ್ಲಿ ಬಕೆಟು ಹಿಡಿದು ನಿಂತಿದ್ದರು.

"ಓ, ನೀವೇನ್ರಪ್ಪ," ಅಂದರು. "ಕಾಲಿನ ಸದ್ದು ಪಕ್ಕದಿಂದ ಬಂತು. ಎಮ್ಮೆ ಬಂದಾವೇನೋ ಅಂತ ಕಲಗಚ್ಚು ತಂದೆ."

ಜನರ ಕಾಲೆಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಇಲ್ಲ ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಸೈಕಲ್ಲನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ, ಹೊರಗೆ ನಿಲ್ಲಿಸಿ, ದಿಡ್ಡಿಯಲ್ಲಿ ಬಗ್ಗಿ ಮತ್ತೆ ಬಂದೆ. "ಈಗ ಬಂದ್ರಿ ನೋಡ್ರಿ" ಅಂದು ಗೌರಮ್ಮ ಕಲಗಚ್ಚು ಒಳಗಿಟ್ಟು ಮಜ್ಜಿಗೆ ತಂದರು.

ಹೆಬ್ಬಾಗಿಲವರು ಶ್ರೀಮಂತರಲ್ಲ. ಮುಖಂಡರಲ್ಲ. ಎಲ್ಲಿಯೂ ಭಾಷಣ ಮಾಡಿದವರಲ್ಲ. ಊರಿನವರು ಅವರಿಗೆ ಅಷ್ಟು ಮರ್ಯಾದೆ ಕೊಡುತ್ತಿದ್ದುದು ಯಾಕೆ ಅಂತ ನನಗೆ ಅರ್ಥವಾಗಲು ಕೆಲವು ವರ್ಷ ಬೇಕಾಯಿತು. ಅಣ್ಣತಮ್ಮ ಮಾತು ಬಿಟ್ಟಿದ್ದರೆ, ಗಂಡಹೆಂಡಿರಲ್ಲಿ ಮುನಿಸಿದ್ದರೆ, ಯಾರದೋ ಮಗಳ ಸಂಬಂಧ ಮುರಿದಿದ್ದರೆ, ಜನ ಅಲ್ಲಿಗೆ ಬಂದು ಹೇಳಿಕೊಂಡು ಅಳುತ್ತಿದ್ದರು. ಅವರು ಬುದ್ಧಿ ಹೇಳುತ್ತಿದ್ದುದೂ ಕಡಿಮೆ. ಕೇಳುತ್ತಿದ್ದರು, ಅಷ್ಟೇ. ಆದರೆ ಆ ಬಾಗಿಲೊಳಗೆ ಆಡಿದ ಮಾತು ಬಾಗಿಲಿನ ಹೊರಗೆ ಬಂದಿದ್ದನ್ನು ಯಾರೂ ಕಂಡಿಲ್ಲ. ಎರಡೂ ಪಕ್ಕ ಬಯಲು, ಗೋಡೆ ಅನ್ನುವುದೇ ಇಲ್ಲ, ಆದರೂ ಮಾತು ಹೊರಗೆ ಹೋಗಲಿಲ್ಲ. ನನ್ನ ಅಂಗಡಿಗೆ ನಾಲ್ಕು ಗೋಡೆ ಇದ್ದವು, ಅಲ್ಲಿ ಆಡಿದ ಮಾತು ಸಂಜೆಯೊಳಗೆ ಹೊಳೆ ದಾಟುತ್ತಿತ್ತು.

ಆ ಊರಿನಲ್ಲಿ ಅವರ ಸ್ವಂತ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹಿರಿಯರು ಮರ್ಯಾದೆಗೆ ಹೇಳುತ್ತಿರಲಿಲ್ಲ. ಕಿರಿಯರಿಗೆ ಗೊತ್ತೇ ಇರಲಿಲ್ಲ. "ಹೆಬ್ಬಾಗ್ಲು ಊಟ ಮಾಡ್ತೇನು?" "ಹೆಬ್ಬಾಗ್ಲು ನ್ಯಾಮತಿಗೆ ಹೋಗೈತೆ, ಸಂಜಿಗೆ ಬರುತ್ತೆ." ಹೀಗೆ ಮಾತು. ಗೊತ್ತಿಲ್ಲದವರು ಕೇಳಿದರೆ, ಈ ಊರಿನ ಬಾಗಿಲು ಕಾಲು ಬಂದು ಓಡಾಡುತ್ತದೆಯೋ ಅಂದುಕೊಳ್ಳಬೇಕು.

ಮೇಷ್ಟ್ರು ಹೇಳಿದ ಕಥೆಯನ್ನು ಹೊತ್ತುಕೊಂಡು ನಾನು ಮುಂದಿನ ವಾರವೇ ಅಲ್ಲಿಗೆ ಹೋದೆ. "ಇವತ್ತಿಂದ ನಿಮಗೆ ನಾನು ಹೊಸ ಹೆಸರು ಇಟ್ಟೀನ್ರಿ. ಮಿಕಾಡೊ ಅಂತ" ಅಂದೆ. ಅರ್ಥ ಬಿಡಿಸಿ ಹೇಳಿದೆ. ಅವರು ಕಂಬಳಿ ಮೇಲೆ ಕೂತು, ಕಣ್ಣು ಅರ್ಧ ಮುಚ್ಚಿ ಎಲ್ಲ ಕೇಳಿದರು.

"ಆ ದೊರೆ ಬಾಗ್ಲಿಗೆ ಗೋಡೆ ಅದಾವೇನು?" ಅಂದರು.

ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ ಪ್ರಶ್ನೆ ಯಾರಾದರೂ ಕೇಳಿದರೆ ನಾನು ಸಾಮಾನ್ಯವಾಗಿ ಸುಳ್ಳು ಹೇಳುತ್ತೇನೆ. ಅವರೆದುರು ಆಗಲಿಲ್ಲ. ಹೊನ್ನಾಳಿಗೆ ವಾಪಸು ಬಂದು ಮೇಷ್ಟ್ರನ್ನು ಕೇಳಿದೆ. ಮೇಷ್ಟ್ರು ಬಹಳ ಖುಷಿಪಟ್ಟರು. ಅದು ಕೇಳಬೇಕಾದ ಪ್ರಶ್ನೆಯೇ ಅಂದರು. ಜಪಾನಿನಲ್ಲಿ ಎಷ್ಟೋ ಕಾಲ ಆಳುತ್ತಿದ್ದವರು ದಂಡನಾಯಕರು, ಮಿಕಾಡೊ ಹೆಸರಿಗೆ ಮಾತ್ರ. ಒಂದು ಕಾಲದಲ್ಲಿ ಅರಮನೆಯ ಗೋಡೆಗಳು ಬಿದ್ದು, ಕಟ್ಟಿಸಲಿಕ್ಕೂ ಗತಿಯಿರಲಿಲ್ಲವಂತೆ. ಒಬ್ಬ ದೊರೆಯಂತೂ ತನ್ನ ಮುದ್ದಾದ ಕೈಬರಹ ಬರೆದು ಕೊಟ್ಟು, ಅದರಿಂದ ಬಂದಿದ್ದರಲ್ಲಿ ದಿನ ತಳ್ಳಿದನಂತೆ. ಆದರೂ ದಂಡು ಕಟ್ಟಿಕೊಂಡು ಮೆರೆಯುತ್ತಿದ್ದ ದಂಡನಾಯಕರು ಬಿರುದು ಬೇಕಾದರೆ ಆ ಬಡ ಬಾಗಿಲಿಗೇ ಬಂದು ಕೇಳಬೇಕಿತ್ತು.

ಇದನ್ನು ಹೋಗಿ ಹೇಳಿದೆ. ಹೆಬ್ಬಾಗಿಲವರು "ಪಾಪ, ಒಳ್ಳೆ ಮನೆತನ" ಅಂದರು. ಬೀಗರ ಕಷ್ಟ ಕೇಳಿದ ಹಾಗಿತ್ತು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಊರಿಗೆ ಬಸ್ಸು ಮಂಜೂರಾಯಿತು. ಅಲ್ಲಿಯವರೆಗೆ ಸೂರಗೊಂಡನಕೊಪ್ಪದ ಕಡೆ ಹೋಗುವ ಬಸ್ಸಿನಿಂದ ಮೇನ್ ರೋಡಿನಲ್ಲಿ ಇಳಿದು, ಹೊಲದ ಬದುವಿನ ಮೇಲೆ ನಡೆದು ಬರಬೇಕಿತ್ತು. ಬಸುರಿ ಹೆಂಗಸರು, ಮುದುಕರು, ಎಲ್ಲರೂ ಹಾಗೇ. ಬಸ್ಸು ಬರುತ್ತದೆ ಅಂದ ದಿನ ಊರಿನವರು ರಸ್ತೆಯಾಗುವ ಜಾಗಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದರು. ಎಂಜಿನಿಯರು ಬಂದು ರಸ್ತೆ ಗುರುತು ಮಾಡಲು ಹಗ್ಗ ಹಿಡಿದರು. ಹಗ್ಗ ನೆಟ್ಟಗೆ ಹೋಗಿ ಹೆಬ್ಬಾಗಿಲಿನ ಎಡಗಂಬಕ್ಕೆ ಮುಟ್ಟಿತು.

ಆ ದಿನ ನಾನು ಅಲ್ಲೇ ಇದ್ದೆ. ಹೆಬ್ಬಾಗಿಲವರ ರೇಡಿಯೋ ಸರಿಮಾಡಿ ತಂದಿದ್ದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಜಾಸ್ತಿ ಉಳಿದಿತ್ತು, ಅದು ನನ್ನ ಜೇಬಿನಲ್ಲಿತ್ತು.

ಎಂಜಿನಿಯರು ಮೈಸೂರು ಕಡೆಯ ಹುಡುಗ. ಕನ್ನಡಕ, ಇಸ್ತ್ರಿ ಮಾಡಿದ ಪ್ಯಾಂಟು, ಮೆತ್ತನೆಯ ಮಾತು. ಕೆಟ್ಟವರಲ್ಲ. ಅವರು ಬಾಗಿಲನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು, ಪಕ್ಕದ ಬಯಲು ನೋಡಿದರು.

"ಇದಕ್ಕೆ ಗೋಡೆ ಇಲ್ಲ. ಮನೆಗೂ ಇದಕ್ಕೂ ಸಂಬಂಧ ಇಲ್ಲ. ಅನಾಥ ಕಲ್ಲು ಇದು," ಅಂದರು. "ಯಾರದ್ದೂ ಅಲ್ಲ ಅಂದ್ರೆ ಇವತ್ತೇ ಕೆಡವಿಸಿಬಿಡ್ತೀನಿ. ಯಾರದ್ದಾದ್ರೂ ಆಗಿದ್ರೆ ಹಾಗೆ ಕೆಡವೋ ಹಾಗಿಲ್ಲ. ರಸ್ತೇನ ಸ್ವಲ್ಪ ಪಕ್ಕಕ್ಕೆ ತಿರುಗಿಸ್ತೀನಿ. ಆದ್ರೆ ನೆರೆಹೊರೆಯವರು ಇಂಥವರದ್ದು ಅಂತ ಹೇಳ್ಬೇಕು. ನಾನು ಬರ್ಕೊಳ್ಬೇಕು."

ಹಳೇ ಊರಿನ ಜಾಗಗಳಿಗೆ ಆಗೆಲ್ಲ ಕಾಗದಪತ್ರ ಎಲ್ಲಿ ಇರುತ್ತಿತ್ತು? ಬಾಯಿಮಾತೇ ಪತ್ರ. ಗುದ್ದಲಿ ಹಾರೆ ಹಿಡಿದ ಕೂಲಿಯವರು ಆಗಲೇ ಕಂಬದ ನೆರಳಲ್ಲಿ ಕೂತು ಬೀಡಿ ಹಚ್ಚಿದ್ದರು. ಹೆಬ್ಬಾಗಿಲವರು ಬಾಗಿಲಿನ ಒಳಗಡೆ ಕಟ್ಟೆಯ ಮೇಲೆ ಕೂತಿದ್ದರು. ಬಾಯಿ ತೆರೆಯಲು ಹೋದರು.

"ಯಜಮಾನ್ರೇ, ನೀವು ದಯವಿಟ್ಟು ಸುಮ್ಮನಿರಿ," ಅಂದರು ಎಂಜಿನಿಯರು. "ನನ್ನದು ಅಂತ ಯಾರು ಬೇಕಾದ್ರೂ ಹೇಳ್ಬಹುದು. ಹೋದ ಊರಲ್ಲಿ ದೇವಸ್ಥಾನದ ಕಟ್ಟೇನ ಒಬ್ಬ ನಮ್ಮಪ್ಪಂದು ಅಂದ. ಅಕ್ಕಪಕ್ಕದವರು ಹೇಳಲಿ."

ಹೆಬ್ಬಾಗಿಲವರ ಬಲಗೈ ಕಟ್ಟೆಯ ಕಲ್ಲನ್ನು ಸವರುತ್ತಿತ್ತು.

ಮೊದಲು ಮುಂದೆ ಬಂದವನು ಪಕ್ಕದ ಮನೆಯ ಹಾಲಪ್ಪ, ಹೆಬ್ಬಾಗಿಲವರ ಓರಗೆಯವನು.

"ಈ ಬಾಗಿಲು ಯಾರದ್ದು?"

"ಹೆಬ್ಬಾಗ್ಲೋರದ್ರಿ."

"ಹೆಬ್ಬಾಗಿಲವರು ಅಂದ್ರೆ ಯಾರು?"

"ಇದೇ ಬಾಗ್ಲೋರು."

"ಅದೇ, ಈ ಬಾಗಿಲಿನವರು ಯಾರು?"

"ಹೆಬ್ಬಾಗ್ಲೋರ್ರಿ."

ಎಂಜಿನಿಯರು ಪೆನ್ನನ್ನು ಬೆರಳ ಮಧ್ಯೆ ತಿರುಗಿಸಿದರು. "ನೋಡಿ, ಬಾಗಿಲು ಬಾಗಿಲದ್ದು ಅಂತ ನಾನು ಬರೆಯೋಕಾಗಲ್ಲ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇರುತ್ತಲ್ಲ, ಅದು ಹೇಳಿ."

ಹಾಲಪ್ಪನಿಗೆ ಗೊತ್ತಿತ್ತು. ಜೊತೆಗೆ ಗೋಲಿ ಆಡಿದವನು. ಅವನು ಒಮ್ಮೆ ಹೆಬ್ಬಾಗಿಲವರ ಕಡೆ ನೋಡಿದ, ಒಮ್ಮೆ ನೆಲ ನೋಡಿದ, ತಲೆಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಅವರು ಅಲ್ಲೇ ಕುಂತಾರಲ್ರಿ," ಅಂದ. "ಎದುರಿಗೆ ಕುಂದ್ರಿಸ್ಕೊಂಡು ಹೆಂಗ್ರಿ ಹೆಸರು ಹೇಳೋದು?"

"ಹಾಗಾದ್ರೆ ಅವರು ಒಳಗೆ ಹೋಗಲಿ."

"ಒಳಗೆ ಹೋದ್ರೂ ಇರ್ತಾರಲ್ರಿ."

ಕೂಲಿಯವರಲ್ಲಿ ಒಬ್ಬ ನಕ್ಕ. ಎಂಜಿನಿಯರು ನಗಲಿಲ್ಲ. ಹಾಲಪ್ಪನ ಮಗನನ್ನು ಕರೆದರು. ಅವನು ಕೈಕಟ್ಟಿ ನಿಂತು, "ನಂಗೆ ಹುಟ್ಟಿದಾಗಿಂದ ಹೆಬ್ಬಾಗ್ಲಜ್ಜ ಅಂತಷ್ಟೇ ಗೊತ್ರಿ. ಬ್ಯಾರೆ ಹೆಸರು ಐತೇನ್ರಿ ಅವ್ರಿಗೆ?" ಅಂತ ಎಂಜಿನಿಯರನ್ನೇ ಕೇಳಿದ. ಇನ್ನೊಬ್ಬ ಮುದುಕ ಬಂದು, ಅವರ ತಂದೆಯೂ ಹೆಬ್ಬಾಗಿಲವರೇ, ಅಜ್ಜನೂ ಹೆಬ್ಬಾಗಿಲವರೇ ಅಂತ ಪ್ರಮಾಣ ಮಾಡಿ ಹೇಳಿ, ದೊಡ್ಡ ಸಾಕ್ಷಿ ಹೇಳಿದ ಸಮಾಧಾನದಲ್ಲಿ ಹೋಗಿ ಕೂತ.

ಎಂಜಿನಿಯರ ಮುಖ ಕೆಂಪಾಯಿತು. "ನೀವೆಲ್ಲ ಸೇರ್ಕೊಂಡು ನನ್ನ ತಮಾಷೆ ಮಾಡ್ತಿದೀರಾ? ಒಂದು ಹೆಸರು ಹೇಳೋಕೆ ಇಷ್ಟು ಕಷ್ಟಾನಾ? ಆಗಲ್ಲ ಅಂದ್ರೆ ಹೇಳಿಬಿಡಿ, ಹಾರೆ ಹಾಕಿಸ್ತೀನಿ."

ಬೀಡಿ ಎಸೆದು ಕೂಲಿಯವರು ಎದ್ದರು. ಬಸ್ಸೂ ಬೇಕು, ಬಾಗಿಲೂ ಬೇಕು, ಬಾಯಿ ಮಾತ್ರ ಬರುವುದಿಲ್ಲ. ಆ ಊರಿನವರ ಸಂಕಟವನ್ನು ನಾನು ಅವತ್ತು ನೋಡಿದೆ. ಮರ್ಯಾದೆ ಕೊಟ್ಟು ಕೊಟ್ಟು, ಮರ್ಯಾದೆಯಿಂದಲೇ ಆ ಮನುಷ್ಯನ ಬಾಗಿಲು ಕೆಡವಿಸಲಿಕ್ಕೆ ಹೊರಟಿದ್ದರು.

ಆಗ ನಾನು ಎದ್ದು ನಿಂತೆ. ಇಂಥ ಹೊತ್ತಿನಲ್ಲಿ ನನ್ನಂಥವನು ಒಬ್ಬ ಇರಬೇಕು ನೋಡಿ. ನನಗೆ ಅವರ ಹೆಸರು ಗೊತ್ತಿತ್ತು. ಗೌರಮ್ಮನ ತವರು ಹೊಳೆಯಾಚೆ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ. ಅಲ್ಲಿಂದ ಬಂದ ಅವರ ತಮ್ಮ ಒಂದು ಸಲ ನನ್ನ ಅಂಗಡಿಯಲ್ಲಿ ಭಾವನ ಹೆಸರು ಹಿಡಿದೇ ಮಾತಾಡಿದ್ದ. ಇಡೀ ಹೊನ್ನಾಳಿಗೆ ಹೆಸರಿಟ್ಟವನಿಗೆ ಒಂದು ಹೆಸರು ಹೇಳುವುದು ಯಾವ ಮಹಾ ಕೆಲಸ? ನಾನು ಆ ಊರಿನವನಲ್ಲ, ನನಗೆ ಸಂಕೋಚವೂ ಇಲ್ಲ, ನಾಚಿಕೆಯಂತೂ ಹುಟ್ಟಿನಿಂದಲೇ ಇಲ್ಲ.

"ನಾನು ಹೇಳ್ತೀನಿ ಬರ್ಕೊಳ್ರಿ ಸಾಹೇಬ್ರೇ," ಅಂದೆ, ಊರಿಗೆಲ್ಲ ಕೇಳುವ ಹಾಗೆ.

ಎಂಜಿನಿಯರು ಪೆನ್ನು ಹಿಡಿದರು. ಊರಿನವರೆಲ್ಲ ನನ್ನ ಕಡೆ ತಿರುಗಿದರು. ನಾನು ಗಂಟಲು ಸರಿಮಾಡಿಕೊಂಡು ಹೆಬ್ಬಾಗಿಲವರ ಕಡೆ ನೋಡಿದೆ. ನೋಡಬಾರದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಬೇಡ ಅಂತಲೂ ಇಲ್ಲ, ಹೇಳು ಅಂತಲೂ ಇಲ್ಲ. ಯಾರೋ ಬಂದು ಕಷ್ಟ ಹೇಳಿಕೊಳ್ಳುವಾಗ ಕೇಳುತ್ತಿದ್ದರಲ್ಲ, ಅದೇ ನೋಟ. ನನ್ನ ಬಾಯಿ ತೆರೆಯಿತು. ಹೆಸರಿನ ಮೊದಲಕ್ಷರ ನಾಲಿಗೆ ತುದಿಗೆ ಬಂದು, ದಿಡ್ಡಿಯಲ್ಲಿ ಬಗ್ಗಲಾರದೆ ನಿಂತುಬಿಟ್ಟಿತು.

"ಮಿಕಾಡೊ," ಅಂದೆ.

"ಮಿಕಾಡೊ," ಅಂತ ಎಂಜಿನಿಯರು ಬರೆದುಕೊಂಡು, "ಇನಿಶಿಯಲ್ಲು?" ಅಂದರು.

ಇನಿಶಿಯಲ್ ಜಪಾನು ಅಂತ ಹೇಳುವಷ್ಟೂ ಧೈರ್ಯ ನನಗೆ ಉಳಿದಿರಲಿಲ್ಲ. ಕೂತುಕೊಂಡೆ. ಎಂಜಿನಿಯರು ಬರೆದಿದ್ದನ್ನು ಹೊಡೆದುಹಾಕಿದರು. ಹಾಲಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ನಿನಗೂ ಬರ್ಲಿಲ್ಲ" ಅಂದ. ನನ್ನ ಬದುಕಿನಲ್ಲಿ ಯಾರಾದರೂ ನನ್ನನ್ನು ಮರ್ಯಾದಸ್ಥರ ಸಾಲಿಗೆ ಸೇರಿಸಿದ್ದರೆ ಅದು ಅವತ್ತು.

ಅಷ್ಟರಲ್ಲಿ ಹೆಂಚಿನ ಮನೆಯ ಒಳಗಿನಿಂದ ಗೌರಮ್ಮ ಬಂದರು. ಕೈಗೆ ಬೆಣ್ಣೆ ಮೆತ್ತಿತ್ತು, ಸೆರಗಿಗೆ ಒರೆಸಿಕೊಂಡರು. ಅಂಗಳ ದಾಟಿ, ಗಂಡ ಕೂತ ಕಟ್ಟೆಯನ್ನು ದಾಟಿ, ದಿಡ್ಡಿಯಲ್ಲಿ ಬಗ್ಗಿ ಹೊರಗೆ ಬಂದು ಎಂಜಿನಿಯರ ಎದುರು ನಿಂತರು.

"ಸಾಹೇಬ್ರೇ, ನಾನು ಹೇಳ್ತೀನಿ," ಅಂದರು.

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. "ಗೌರವ್ವ, ನೀ ಬ್ಯಾಡ," ಅಂದಳು ಒಬ್ಬಳು. ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದೆಂದರೆ ಏನು ಅಂತ ನಿಮಗೆ ಗೊತ್ತಲ್ಲ. ನನ್ನ ತಾಯಿ ಗಂಡನ ಹೆಸರು ಮಲ್ಲಪ್ಪ ಅಂತ, ಮಲ್ಲಿಗೆ ಹೂವನ್ನು ಬಿಳೇ ಹೂವು ಅನ್ನುತ್ತಿದ್ದಳು.

"ಅಮ್ಮ, ಮನೆಯವರು ಹೇಳಿದ್ರೆ ಸಾಕ್ಷಿ ಆಗಲ್ಲ," ಅಂದರು ಎಂಜಿನಿಯರು.

"ನಾನು ಸಾಕ್ಷಿ ಹೇಳಾಕೆ ಬಂದಿಲ್ರಿ. ಹೆಸರು ಹೇಳಾಕೆ ಬಂದೀನಿ. ಹೌದೋ ಅಲ್ಲೋ ಅಂತ ಇವ್ರು ಹೇಳ್ತಾರೆ. ಹೌದು ಅನ್ನಾಕೆ ಇವ್ರ ಬಾಯಿಗೆ ಏನೂ ಆಗಿಲ್ಲ." ಹಾಲಪ್ಪನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ನನ್ನ ಕಡೆ ಸ್ವಲ್ಪ ಹೆಚ್ಚು ಹೊತ್ತು. "ಆದ್ರೆ ಹಂಗೇ ಬರೀ ಹೆಸರು ನಾನು ಹೇಳಂಗಿಲ್ಲ. ಒಡಪು ಹಾಕಿ ಹೇಳ್ತೀನಿ. ಪೂರ್ತಿ ಬರ್ಕೋಬೇಕು, ನಡುವೆ ಬಿಡಂಗಿಲ್ಲ."

ಮದುವೆಯಾಗಿ ಬಂದ ಹೆಣ್ಣನ್ನು ಗಂಡನ ಮನೆಯ ಹೊಸಿಲಲ್ಲಿ ನಾದಿನಿಯರು ಅಡ್ಡಗಟ್ಟಿ, ಗಂಡನ ಹೆಸರು ಹೇಳಿದರೇ ಒಳಗೆ ಅನ್ನುತ್ತಾರಲ್ಲ. ಆಗ ಅವಳು ಹೆಸರನ್ನು ಹಾಡಿನಂಥ ಸಾಲುಗಳ ನಡುವೆ ಬಚ್ಚಿಟ್ಟು ಹೇಳುತ್ತಾಳಲ್ಲ, ಅದು ಒಡಪು. ಜೀವಮಾನಕ್ಕೆ ಆ ಒಂದು ಸಲ ಹೆಣ್ಣಿಗೆ ಪರವಾನಗಿ. ಗೌರಮ್ಮ ಅದನ್ನು ಇದೇ ಬಾಗಿಲಿನಲ್ಲಿ, ಇನ್ನೂ ಗೋಡೆಗಳಿದ್ದ ಕಾಲದಲ್ಲಿ, ಹೇಳಿದ್ದರಂತೆ. ಆಮೇಲೆ ಇಲ್ಲ. ಈಗ ಮತ್ತೆ ಅದೇ ಜಾಗದಲ್ಲಿ ನಿಂತಿದ್ದರು. ತಲೆ ಪೂರ್ತಿ ನೆರೆತಿತ್ತು. ಸೆರಗನ್ನು ಹೊಸ ಮದುವೆಯ ಹೆಣ್ಣಿನ ಹಾಗೆ ತಲೆ ಮೇಲೆ ಎಳೆದುಕೊಂಡರು. ಗಂಡನ ಕಡೆ ಬೆನ್ನು ಮಾಡಿ, ಒಂದೊಂದೇ ಸಾಲು ಹೇಳಿದರು.

"ತುಂಗಭದ್ರೆ ದಾಟಿ ಬಂದೆ ಹರಿಗೋಲಾಗೆ,
ತಲೆ ತಗ್ಗಿಸಿ ಒಳಗೆ ಬಂದೆ ಈ ಬಾಗ್ಲಾಗೆ,
ಊರ ಮಂದಿ ಹೆಸರು ಬಿಟ್ರೂ ಬಾಗ್ಲ ನೆರಳಾಗೆ,
ಗುರುಶಾಂತಪ್ನೋರು ಅದಾರೆ ನನ್ನ ಬಾಯಾಗೆ."

ಇದು ಮದುವೆಯ ದಿನ ಹೇಳಿದ್ದಲ್ಲ. ಮೂರನೇ ಸಾಲು ಕೇಳಿದ ಯಾರಿಗಾದರೂ ಅದು ತಿಳಿಯುತ್ತದೆ. ಒಳಗೆ ಮಜ್ಜಿಗೆ ಕಡೆಯುತ್ತ, ಹೊರಗಿನ ಮಾತು ಕೇಳುತ್ತ, ಅಷ್ಟರಲ್ಲೇ ಕಟ್ಟಿಕೊಂಡು ಬಂದಿದ್ದರು. ಟೇಪ್ ರೆಕಾರ್ಡರಿಗೆ ಇಡ್ಲಿ ವಾರ್ತೆ ತುಂಬಲಿಕ್ಕೆ ನನಗೆ ಒಂದು ರಾತ್ರಿ ಬೇಕಾಗಿತ್ತು.

ಎಂಜಿನಿಯರು ನಾಲ್ಕೂ ಸಾಲು ಬರೆದುಕೊಂಡರು. ನಡುವೆ ಒಂದು ಸಲ ಮಾತ್ರ, "ಹರಿಗೋಲಲ್ಲಿ ಅಂತ ಹಾಕ್ಲಾ?" ಅಂದರು. "ಹರಿಗೋಲಾಗೆ," ಅಂದರು ಗೌರಮ್ಮ. ಅವರು ತಿದ್ದಿಕೊಂಡರು. ಆಮೇಲೆ ತಲೆ ಎತ್ತಿ ಊರಿನವರನ್ನು ಕೇಳಿದರು.

"ಈ ಬಾಗಿಲು ಇವರು ಈಗ ಹೇಳಿದವರದ್ದು. ಹೌದಾ?"

"ಹೌದ್ರಿ," ಅಂದಿತು ಊರು. ನಾನೂ ಅಂದೆ. ಅಷ್ಟು ದೊಡ್ಡ ದನಿ ನನ್ನ ಅಂಗಡಿಯ ಯಾವ ಸ್ಪೀಕರಿನಿಂದಲೂ ಬಂದಿರಲಿಲ್ಲ. ಹಾಲಪ್ಪ ಎರಡು ಸಲ ಹೌದು ಅಂದ, ಮೊದಲು ಆಗದೆ ಹೋಗಿದ್ದಕ್ಕೂ ಸೇರಿಸಿ.

ಎಂಜಿನಿಯರು ಕಂಬದಿಂದ ಹಗ್ಗ ಬಿಚ್ಚಿಸಿದರು. ಬಯಲಿನ ಕಡೆ ತಿರುಗಿಸಿ ಹಿಡಿಸಿದರು. ಎಮ್ಮೆಗಳು ಓಡಾಡುತ್ತಿದ್ದ ಜಾಗವೇ ಬಸ್ಸಿನ ದಾರಿಯಾಯಿತು. ಹಾರೆಗಳು ಆ ಕಡೆ ಹೋದವು. ಹೆಂಗಸರು ಗೌರಮ್ಮನನ್ನು ಸುತ್ತಿಕೊಂಡು, "ಏನ್ ಧೈರ್ಯನವ್ವ ನಿಂದು" ಅಂತ ಕೆನ್ನೆ ಸವರಿ ನೆಟಿಗೆ ಮುರಿದರು. ಗೌರಮ್ಮ ಅವರನ್ನೆಲ್ಲ ಬಿಡಿಸಿಕೊಂಡು ದಿಡ್ಡಿಯಲ್ಲಿ ಬಗ್ಗಿ ಒಳಗೆ ಬಂದರು. ಕಟ್ಟೆ ದಾಟುವಾಗ ಹೆಬ್ಬಾಗಿಲವರು ಕೆಮ್ಮಿದರು.

"ನೀ ಹೇಳಿದ್ದು ನನಗೆ ಸರಿಯಾಗಿ ಕೇಳಿಸ್ಲಿಲ್ಲ," ಅಂದರು. "ನೀ ಆ ಕಡೆ ಮುಖ ಮಾಡಿದ್ದಿ. ಇನ್ನೊಂದ್ಸಲ ಹೇಳಾಕಾಗುತ್ತೇನು?"

ಆ ಮನುಷ್ಯನ ಕಿವಿ ಎಷ್ಟು ಚುರುಕು ಅಂದರೆ, ರೇಡಿಯೋದಲ್ಲಿ ಒಂದು ಸ್ಕ್ರೂ ಕಮ್ಮಿಯಾಗಿದ್ದು ಅವರಿಗೆ ಆ ಬೆಳಿಗ್ಗೆಯೇ ಕೇಳಿಸಿತ್ತು. ಗೌರಮ್ಮ ನಿಲ್ಲಲಿಲ್ಲ.

"ಕೇಳಿಸ್ದೇ ಇದ್ರೆ ಸಾಹೇಬ್ರನ್ನ ಕೇಳ್ರಿ. ಅವ್ರು ಬರ್ಕೊಂಡಾರೆ," ಅಂದು ಒಳಗೆ ಹೋದರು. ಮಜ್ಜಿಗೆ ಕಡೆಯುವ ಸದ್ದು ಶುರುವಾಯಿತು.

ಹೆಬ್ಬಾಗಿಲವರು ಕಟ್ಟೆಯಿಂದ ಎದ್ದರು. ದಿಡ್ಡಿಯಲ್ಲಿ ತಲೆ ಹೊರಗೆ ಹಾಕಿ, "ಸಾಹೇಬ್ರೇ, ಅದೊಂದು ಓದ್ರಿ," ಅಂದರು.

ಎಂಜಿನಿಯರು ಹಗ್ಗ ಹಿಡಿದವನಿಗೆ ನಿಲ್ಲು ಅಂತ ಕೈ ತೋರಿಸಿದರು. ಬಂದು ಬಾಗಿಲಿನ ಎದುರು ನಿಂತು, ಕನ್ನಡಕ ಸರಿಮಾಡಿಕೊಂಡು, ಮೈಸೂರಿನ ಮೆತ್ತನೆ ಕನ್ನಡದಲ್ಲಿ ಹರಿಗೋಲಾಗೆ, ಬಾಗ್ಲಾಗೆ, ನೆರಳಾಗೆ ಅಂತ ಒಂದಕ್ಷರ ಬಿಡದೆ ಓದಿದರು. ಒಳಗೆ ಮಜ್ಜಿಗೆಯ ಸದ್ದು ನಿಂತಿತ್ತು. ಹೆಬ್ಬಾಗಿಲವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಕಡೇ ಸಾಲು ಇನ್ನೊಮ್ಮೆ," ಅಂದರು.